ಕೋಲು ನೆಟ್ಟು ಕಲಿಯೋಣ: ಪಾಠವನ್ನು ಅಂಗಳಕ್ಕೆ ಒಯ್ಯುವುದು ಹೇಗೆ?

ಮೊದಲ ಸಲ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋದಾಗ ನಾನು ಯಾವ ತಯಾರಿಯನ್ನೂ ಮಾಡಿಕೊಂಡಿರಲಿಲ್ಲ. ನೋಡಿ, ಮುಟ್ಟಿ, ಕಲಿಯಿರಿ ಅಂದೆ, ಅಷ್ಟೇ. ಮಕ್ಕಳು ಓಡಾಡಿದರು, ಎಲೆ ಆರಿಸಿದರು, ಇಬ್ಬರು ಮಂಡಿ ತರಚಿಕೊಂಡರು. ಮರುದಿನ 'ನಿನ್ನೆ ಏನು ಕಲಿತಿರಿ?' ಎಂದು ಕೇಳಿದೆ. 'ಗಾಳಿ ಚೆನ್ನಾಗಿತ್ತು ಸಾರ್' ಎಂದಳು ಒಬ್ಬಳು. ತಪ್ಪು ಅವಳದಲ್ಲ. ಹುಡುಕುವುದಕ್ಕೆ ನಾನು ಒಂದು ಪ್ರಶ್ನೆಯನ್ನೂ ಕೊಟ್ಟಿರಲಿಲ್ಲ.

ಮಾಡಿ ಕಲಿಯುವುದು ಹೊಸ ವಿಚಾರವೇನಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಶಾಲೆ ತೆರೆದರು. ಅಲ್ಲಿ ಮಕ್ಕಳು ಅಡುಗೆ, ನೇಯ್ಗೆ, ಮರಗೆಲಸ ಮಾಡುತ್ತಲೇ ಲೆಕ್ಕ, ವಿಜ್ಞಾನ ಕಲಿಯುತ್ತಿದ್ದರು. ಆದರೆ ಅದೇ ಡ್ಯೂಯಿ 1938ರಲ್ಲಿ ಎಚ್ಚರಿಸಿದ್ದರು: ಅನುಭವಗಳೆಲ್ಲ ಒಂದೇ ಥರ ಕಲಿಸುವುದಿಲ್ಲ, ಕೆಲವಂತೂ ಕಲಿಕೆಗೆ ಅಡ್ಡಿಯೇ ಆಗುತ್ತವೆ. ನನ್ನ ಆ ಮೊದಲ ಬಯಲು ಪಾಠ ಅಡ್ಡಿಯಾಗಲಿಲ್ಲ ಬಿಡಿ, ಸುಮ್ನೆ ಗಾಳಿಗೆ ಹೋಯಿತು.

ಆಮೇಲೆ ನಾನು ಹಿಡಿದ ದಾರಿಯನ್ನು ಒಂದೇ ಪಾಠದ ಮೂಲಕ ಹೇಳುತ್ತೇನೆ. ನೆಲದಲ್ಲಿ ಕೋಲು ನೆಟ್ಟು ಅದರ ನೆರಳು ಅಳೆಯುವ ಪಾಠ ಇದು. ಬಿಸಿಲು ಬೀಳುವ ಯಾವ ಅಂಗಳದಲ್ಲಾದರೂ ಮಾಡಬಹುದು.

ಬೇಕಾಗುವ ವಸ್ತುಗಳು

ನೆಟ್ಟ ಮೇಲೆ ನೆಲದಿಂದ ಒಂದು ಮೀಟರ್ ಎತ್ತರ ನಿಲ್ಲುವ ನೇರ ಕೋಲು, ಅಳತೆ ಟೇಪು, ಸೀಮೆಸುಣ್ಣ, ಹತ್ತಿಪ್ಪತ್ತು ಬೆಣಚುಕಲ್ಲು, ಗಡಿಯಾರ, ನೋಟ್‌ಬುಕ್. ನೆಲ ಕಾಂಕ್ರೀಟಿನದಾದರೆ ಒಂದು ಬಕೆಟ್ ಮರಳು. ಕೋಲನ್ನು ಅದರಲ್ಲೇ ನಿಲ್ಲಿಸಬಹುದು. ಆಗ ಅಳತೆಯನ್ನೆಲ್ಲ ಕೋಲಿನ ಬುಡದ ನೇರಕ್ಕೆ ನೆಲದಿಂದ ತೆಗೆಯಬೇಕು, ಕೋಲಿನ ಎತ್ತರವನ್ನೂ ನೆಲದಿಂದಲೇ ಹಿಡಿಯಬೇಕು.

ಹಿಂದಿನ ದಿನ ನೀವೇ ಮಾಡಿ ನೋಡಿ

ಇದನ್ನು ತಪ್ಪಿಸಬೇಡಿ. ಬೆಳಿಗ್ಗೆ ಬಿಸಿಲಿರುವ ಜಾಗಕ್ಕೆ ಮಧ್ಯಾಹ್ನ ಕಟ್ಟಡದ ನೆರಳು ಬಂದರೆ ಪಾಠ ಅಲ್ಲಿಗೇ ನಿಂತಿತು. ಕೋಲು ನೆಟ್ಟಗೆ ನಿಂತಿದೆಯೇ ಎಂದು ಕಣ್ಣಂದಾಜಿನಲ್ಲಿ ನಂಬಬೇಡಿ. ದಾರದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟು, ಎರಡು ಕಡೆಯಿಂದ ಹೋಲಿಸಿ. ಮೊದಲ ವರ್ಷ ನನ್ನ ಕೋಲು ಒಂದು ಕಡೆ ವಾಲಿತ್ತು. ಇಡೀ ದಿನದ ಅಳತೆ ಹಾಳಾಯಿತು.

ಊಹೆ ಮೊದಲು, ಅಳತೆ ಆಮೇಲೆ

ಇಡೀ ಪಾಠದ ಜೀವ ಇಲ್ಲಿದೆ, ಇದಕ್ಕೆ ಜಾಸ್ತಿ ಹೊತ್ತು ಕೊಡಿ.

ನೆರಳಿನ ತುದಿಗೆ ಒಂದು ಕಲ್ಲು ಇಡಿಸಿ. ಆಮೇಲೆ ಪ್ರತಿ ಮಗುವಿನ ಕೈಗೂ ಸೀಮೆಸುಣ್ಣ ಕೊಟ್ಟು ಹೇಳಿ: 'ಇನ್ನೊಂದು ಗಂಟೆಗೆ ಈ ತುದಿ ಎಲ್ಲಿರುತ್ತೆ? ಗುರುತು ಹಾಕಿ ನಿಮ್ಮ ಹೆಸರು ಬರೀರಿ.' ಬಾಯಲ್ಲಿ ಹೇಳಿಸಿದರೆ ಸಾಲದು. ಬಾಯಲ್ಲಿ ಹೇಳಿದ್ದನ್ನು ಮಕ್ಕಳು (ನಾವೂ ಅಷ್ಟೇ) ಆಮೇಲೆ ಮೆಲ್ಲಗೆ ಬದಲಾಯಿಸಿಬಿಡುತ್ತೇವೆ. ನೆಲದ ಮೇಲಿನ ಹೆಸರು ಹಾಗೆ ಜಾಗ ಬದಲಿಸುವುದಿಲ್ಲ.

ಗುರುತುಗಳು ನಾಲ್ಕೂ ದಿಕ್ಕಿಗೆ ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ. ಸೂರ್ಯ ಪೂರ್ವದಲ್ಲಿ ಹುಟ್ಟಿ ಪಶ್ಚಿಮದಲ್ಲಿ ಮುಳುಗುತ್ತಾನೆ ಎಂದು ಪರೀಕ್ಷೆಯಲ್ಲಿ ಸರಿಯಾಗಿ ಬರೆದ ಮಗುವೇ, ನೆರಳು ಸೂರ್ಯನ ಹಿಂದೆಯೇ ಹೋಗುತ್ತದೆಂದು ಪಶ್ಚಿಮದ ಕಡೆಗೆ ಗುರುತು ಹಾಕಿರುತ್ತದೆ. ತಿದ್ದಬೇಡಿ. ಮುಖದಲ್ಲೂ ತೋರಿಸಿಕೊಳ್ಳಬೇಡಿ. ಒಂದು ಗಂಟೆ ಬಿಟ್ಟು ಬಂದರೆ ನೆರಳು ತಾನೇ ಪೂರ್ವದ ಕಡೆಗೆ ಸರಿದಿರುತ್ತದೆ. ತನ್ನ ಹೆಸರಿನಿಂದ ದೂರ ನಿಂತ ನೆರಳನ್ನು ನೋಡಿದ ಮಗು 'ಯಾಕೆ?' ಎಂದು ತಾನಾಗಿಯೇ ಕೇಳುತ್ತದೆ.

ಇನ್ನೂ ಒಂದು ಊಹೆ ಬರೆಸಿ: ನೆರಳು ಅತಿ ಗಿಡ್ಡವಾಗುವುದು ಎಷ್ಟು ಹೊತ್ತಿಗೆ? ಬಹುಪಾಲು ಮಕ್ಕಳು 'ಸರಿಯಾಗಿ 12 ಗಂಟೆಗೆ, ಆಗ ನೆರಳೇ ಇರಲ್ಲ' ಎನ್ನುತ್ತಾರೆ. ದೊಡ್ಡವರಲ್ಲೂ ಅನೇಕರು ಇದನ್ನೇ ಹೇಳುತ್ತಾರೆ, ಅಲ್ವಾ?

ಅಳೆಯುವಾಗ

ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ. ಒಬ್ಬರು ತುದಿಗೆ ಕಲ್ಲು ಇಡಬೇಕು, ಒಬ್ಬರು ಟೇಪು ಹಿಡಿಯಬೇಕು, ಒಬ್ಬರು ಗಡಿಯಾರ ನೋಡಬೇಕು, ಒಬ್ಬರು ಬರೆಯಬೇಕು. ಪ್ರತಿ ಸಲ ಕೆಲಸ ಬದಲಾಗಲಿ. ಇಲ್ಲದಿದ್ದರೆ ಚುರುಕಾದ ಮಗುವೇ ಟೇಪು ಬಿಡುವುದಿಲ್ಲ, ಅಕ್ಷರ ದುಂಡಗಿರುವವರಿಗೆ ಬರೆಯುವ ಕೆಲಸವೇ ಗತಿ.

ಅರ್ಧ ಗಂಟೆಗೊಂದು ಅಳತೆ ಸಾಕು. ಅದಕ್ಕಾಗಿ ಇಡೀ ತರಗತಿ ದಿನವಿಡೀ ಹೊರಗಿರಬೇಕಿಲ್ಲ. ಸರದಿಯ ಗುಂಪು ಹೋಗಿ ಐದು ನಿಮಿಷದಲ್ಲಿ ಅಳೆದು ಬರಲಿ. ಬೇರೆ ವಿಷಯದ ಟೀಚರ್‌ಗಳಿಗೆ ಮೊದಲೇ ಹೇಳಿಟ್ಟಿದ್ದರೆ ಗೊಣಗಾಟ ಕಡಿಮೆ.

ಇಲ್ಲೊಂದು ಜಗಳ ಗ್ಯಾರಂಟಿ. ಒಬ್ಬ 61 ಸೆಂಟಿಮೀಟರ್ ಎನ್ನುತ್ತಾನೆ, ಇನ್ನೊಬ್ಬಳು 62. ಇಬ್ಬರೂ ಬಗ್ಗಿ, ಮೂಗು ನೆಲಕ್ಕೆ ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾರೆ. ಆಗ ಕಾಣುತ್ತದೆ, ನೆರಳಿಗೆ ಚೂಪಾದ ತುದಿಯೇ ಇಲ್ಲ. ಅಂಚು ಮಸುಕಾಗಿ ಕರಗಿಹೋಗಿದೆ. ಸೂರ್ಯ ನಮಗೆ ಒಂದು ಚುಕ್ಕಿಯಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅಂಚಿನಲ್ಲಿ ಆ ಬಿಲ್ಲೆಯ ಸ್ವಲ್ಪ ಭಾಗದ ಬೆಳಕು ಬೀಳುತ್ತಲೇ ಇರುತ್ತದೆ, ಅದಕ್ಕೇ ಮಸುಕು. ಹಾಗಾದರೆ ಅಳತೆ ಯಾವುದು? ಅವರೇ ಒಂದು ನಿಯಮ ಮಾಡಿಕೊಳ್ಳಲಿ. ಕಪ್ಪು ಮುಗಿಯುವಲ್ಲಿ ಅಳೆಯುವುದೋ, ಮಸುಕಿನ ನಡುವೆ ಅಳೆಯುವುದೋ, ಯಾವುದಾದರೂ ಸರಿ. ದಿನವಿಡೀ ಅದನ್ನೇ ಪಾಲಿಸಬೇಕು.

ನಿಮ್ಮ ಕೆಲಸ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದು. ಹೇಳಿದಷ್ಟು ಸುಲಭ ಅಲ್ಲ.

ಒಂದು ಮಾತು ಮಾತ್ರ ಕಟ್ಟುನಿಟ್ಟು: ಸೂರ್ಯನನ್ನು ನೇರವಾಗಿ ಯಾರೂ ನೋಡಕೂಡದು, ತಂಪು ಕನ್ನಡಕ ಹಾಕಿಕೊಂಡೂ ಇಲ್ಲ. ಟೋಪಿ, ಕುಡಿಯುವ ನೀರು, ಹೋಗುವಾಗ ಬರುವಾಗ ತಲೆ ಎಣಿಕೆ, ಇದೆಲ್ಲ ನಿಮಗೆ ಗೊತ್ತಿರುವುದೇ. ಮೋಡ ಬಂದರೆ ಆ ಹೊತ್ತಿನ ಸಾಲಿನಲ್ಲಿ 'ಮೋಡ' ಎಂದೇ ಬರೆಸಿ. ಅಂದಾಜು ಅಂಕಿ ತುಂಬಲು ಬಿಡಬೇಡಿ.

ಕೂತು ಮಾತಾಡಿ

ಮಾಡಿ ಕಲಿಯುವುದಕ್ಕೆ ನಾಲ್ಕು ಮೆಟ್ಟಿಲು ಎಂದು ಅಮೆರಿಕದ ಶಿಕ್ಷಣ ತಜ್ಞ ಡೇವಿಡ್ ಕೋಲ್ಬ್ 1984ರಲ್ಲಿ ವಿವರಿಸಿದರು. ನನ್ನ ಮಾತಿನಲ್ಲಿ ಹೇಳುವುದಾದರೆ: ಮಾಡು, ಮಾಡಿದ್ದನ್ನು ತಿರುಗಿ ನೋಡು, ಅದರಲ್ಲಿ ಒಂದು ನಿಯಮ ಹಿಡಿ, ಆ ನಿಯಮವನ್ನು ಬೇರೆ ಕಡೆ ಹಚ್ಚಿ ನೋಡು. ನಾವು ಮೊದಲನೆಯದನ್ನು ಮಾಡುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ. ಆದ್ದರಿಂದ ಪಾಠದ ಮೂರನೇ ಒಂದು ಭಾಗವನ್ನಾದರೂ ಮಾತಿಗೆ ಎತ್ತಿಡಿ.

ಹೊತ್ತು ಅಡ್ಡಕ್ಕೆ, ನೆರಳಿನ ಉದ್ದ ಮೇಲಕ್ಕೆ ಹಾಕಿ ಗ್ರಾಫ್ ಬರೆಸಿ. ನೆರಳು ಇಳಿದು ಮತ್ತೆ ಏರುವ ಬಾಗು ಕಾಣುತ್ತದೆ. ಅದರ ತಳ 12 ಗಂಟೆಗೇ ಇರಬೇಕೆಂದಿಲ್ಲ. ಒಂದು ದೊಡ್ಡ ಪ್ರದೇಶಕ್ಕೆಲ್ಲ ಗಡಿಯಾರ ಒಂದೇ. ಆದರೆ ಪಶ್ಚಿಮಕ್ಕೆ ಒಂದು ಡಿಗ್ರಿ ರೇಖಾಂಶ ಹೋದರೆ ಸೂರ್ಯ ನಡುಹಗಲಿನ ಜಾಗಕ್ಕೆ 4 ನಿಮಿಷ ತಡವಾಗಿ ಬರುತ್ತಾನೆ. 'ನೆರಳೇ ಇರಲ್ಲ' ಎಂಬ ಊಹೆಗೂ ಉತ್ತರ ಸಿಗುತ್ತದೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಜಾಗಗಳಲ್ಲಿ ಅದು ವರ್ಷಕ್ಕೆ ಎರಡು ಸಲ ಮಾತ್ರ ನಿಜ. ಆ ವೃತ್ತಗಳ ಆಚೆ ಯಾವತ್ತೂ ನಿಜವಲ್ಲ.

ಮಾತು ಎಳೆಯಲು ನಾನು ಕೇಳುವ ಪ್ರಶ್ನೆಗಳು ಎರಡೇ: 'ನಿನ್ನ ಊಹೆ ಎಲ್ಲಿ ತಪ್ಪಿತು?' 'ಈಗ ಬೇರೆ ಊಹೆ ಮಾಡು ಅಂದರೆ ಹೇಗೆ ಮಾಡ್ತೀಯ?' ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ಬರುವುದು ಏಳು ಎಂಟರ ಹೊತ್ತಿಗೆ.

ಬೇರೆ ಕಡೆ ಹಚ್ಚಿ ನೋಡಿ

ಈಗ ಒಂದು ಮರ ತೋರಿಸಿ, ಹತ್ತದೆ ಎತ್ತರ ಹೇಳಿ ಎನ್ನಿ. ಮೀಟರ್ ಕೋಲಿನ ನೆರಳು 60 ಸೆಂಟಿಮೀಟರ್ ಇದ್ದಾಗ ಮರದ ನೆರಳು 4.8 ಮೀಟರ್ ಇದ್ದರೆ ಮರ 8 ಮೀಟರ್. ಎರಡನ್ನೂ ಒಂದೇ ಹೊತ್ತಿಗೆ ಅಳೆಯಬೇಕು. ಊಟಕ್ಕೆ ಮುಂಚೆ ಕೋಲು, ಊಟ ಆದ ಮೇಲೆ ಮರ ಅಳೆದ ಗುಂಪೊಂದಕ್ಕೆ ನಮ್ಮ ಮರ ಅರ್ಧ ಗಂಟೆಯಲ್ಲಿ ಒಂದು ಮೀಟರ್ ಬೆಳೆದಿತ್ತು. ಎಲ್ಲಿ ತಪ್ಪಿದರೆಂದು ನಾನು ಹೇಳಲಿಲ್ಲ. ಪಕ್ಕದ ಗುಂಪು ಹೇಳಿತು.

ದೊಡ್ಡ ತರಗತಿಯವರಾದರೆ ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್‌ನ ಕಥೆ ಹೇಳಿ. ಸುಮಾರು 2,200 ವರ್ಷ ಹಿಂದೆ ಈಜಿಪ್ಟಿನ ಸಯೀನ್‌ನಲ್ಲಿ ವರ್ಷದ ಒಂದು ನಡುಹಗಲು ನೆರಳಿಲ್ಲ, ಅದೇ ದಿನ ಅಲೆಕ್ಸಾಂಡ್ರಿಯದಲ್ಲಿ ನೆರಳಿದೆ ಎಂಬುದನ್ನು ಆತ ಗಮನಿಸಿದ. ಅಲ್ಲಿ ನೆಟ್ಟಗೆ ನಿಂತ ಕೋಲಿಗೂ ಬಿಸಿಲಿನ ಕಿರಣಕ್ಕೂ ನಡುವಿನ ಕೋನ ವೃತ್ತದ 50ನೇ ಒಂದು ಭಾಗ, ಅಂದರೆ 7.2 ಡಿಗ್ರಿ. ಎರಡು ಊರುಗಳ ದೂರವನ್ನು 50ರಿಂದ ಗುಣಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಬೆಳಿಗ್ಗೆ ಸ್ವತಃ ನೆರಳು ಅಳೆದ ಮಕ್ಕಳು ಈ ಕಥೆ ಕೇಳುವ ರೀತಿಯೇ ಬೇರೆ.

ಕಲ್ಲುಗಳನ್ನು ಎತ್ತಬೇಡಿ

ಸಾಧ್ಯವಾದರೆ ಕೋಲನ್ನೂ ಕಲ್ಲುಗಳನ್ನೂ ಒಂದೆರಡು ತಿಂಗಳು ಹಾಗೇ ಬಿಡಿ, ಕಲ್ಲಿನ ಪಕ್ಕದಲ್ಲಿ ಗಂಟೆ ಬರೆದಿರಲಿ. ಅಷ್ಟು ದಿನ ಕಳೆದು ಅದೇ ಗಂಟೆಗೆ ಹೋಗಿ ನೋಡಿದರೆ ನೆರಳಿನ ತುದಿ ಕಲ್ಲಿನ ಮೇಲೆ ಕೂರುವುದಿಲ್ಲ. 'ಯಾರೋ ಕಲ್ಲು ಸರಿಸಿದಾರೆ ಸಾರ್!' ಎಂಬ ದೂರು ಮೊದಲು ಬರುತ್ತದೆ. ಕಲ್ಲಿನ ಕೆಳಗೆ ಬಣ್ಣದ ಚುಕ್ಕೆ ಇಟ್ಟಿದ್ದರೆ ಆ ವಾದ ಬೇಗ ಮುಗಿಯುತ್ತದೆ.