ಮಗನ ಸಾವಿಗೆ ಲೆಕ್ಕ ಒಪ್ಪಿಸಿದವರು: ಐರ್ಲೆಂಡಿನ ಪಿಂಚಣಿ ಕಡತಗಳನ್ನು ನಾನು ಓದುವ ಬಗೆ

ಡಬ್ಲಿನ್ನಿನಲ್ಲಿ ನೆಲೆಸಿದ ಮೇಲೆ ನಾನು ಮನಸ್ಸಿಟ್ಟು ಹಿಡಿದ ಕೆಲಸವೊಂದಿದೆ. ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿ ಮಡಿದವರ ಮನೆಯವರು ಸರ್ಕಾರಕ್ಕೆ ಸಲ್ಲಿಸಿದ ಪಿಂಚಣಿ ಅರ್ಜಿಗಳನ್ನು ಓದಿ, ಆ ಕುಟುಂಬಗಳ ಇಂದಿನ ತಲೆಮಾರಿಗೆ ತಿಳಿಯುವಂತೆ ಬರೆದುಕೊಡುತ್ತೇನೆ. ರಾಥ್‌ಮೈನ್ಸ್‌ನ ಕಾಹಲ್ ಬ್ರೂ ಬ್ಯಾರಕ್‌ನಲ್ಲಿರುವ ಸೇನಾ ದಾಖಲೆಗಳ ಭಂಡಾರವು 2014ರಿಂದ ಈ ಕಡತಗಳನ್ನು ಹಂತ ಹಂತವಾಗಿ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ.

ಕಡತ ತೆರೆಯುವ ಮುನ್ನ ಎರಡು ಸಂಗತಿ ಕೇಳಿಕೊಳ್ಳುತ್ತೇನೆ: ಸತ್ತದ್ದು ಯಾವಾಗ, ಯಾರ ಕಡೆಯಲ್ಲಿದ್ದು? 1916ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಈಸ್ಟರ್ ದಂಗೆಯಲ್ಲೋ, 1921ರ ಜುಲೈ ಕದನವಿರಾಮಕ್ಕೆ ಮುಂಚಿನ ಕಾಳಗಗಳಲ್ಲೋ ಸತ್ತಿದ್ದರೆ 1923ರ ಸೇನಾ ಪಿಂಚಣಿ ಕಾಯ್ದೆಯಡಿ ಅರ್ಜಿ ಹಾಕಬಹುದಿತ್ತು. ಬ್ರಿಟನ್ನಿನೊಡನೆ 1921ರಲ್ಲಿ ಆದ ಒಪ್ಪಂದವನ್ನು ಒಪ್ಪಿದವರಿಗೂ ಒಪ್ಪದವರಿಗೂ ನಡುವೆ 1922–23ರಲ್ಲಿ ನಡೆದ ಅಂತರ್ಯುದ್ಧದಲ್ಲಿ ಸರ್ಕಾರಿ ಸೇನೆಯಲ್ಲಿದ್ದು ಸತ್ತವರ ಮನೆಯವರಿಗೂ ಅದೇ ಕಾಯ್ದೆ. ಆದರೆ ಆ ಒಪ್ಪಂದವನ್ನು ಧಿಕ್ಕರಿಸಿ ಹೋರಾಡಿದವನು ಅಂತರ್ಯುದ್ಧದಲ್ಲಿ ಸತ್ತಿದ್ದರೆ, ಒಪ್ಪಂದ ವಿರೋಧಿಗಳ ನಾಯಕ ಡಿ ವಲೇರಾ ಅಧಿಕಾರಕ್ಕೆ ಬಂದು 1932ರ ಕಾಯ್ದೆ ತರುವವರೆಗೆ ಅವನ ತಾಯಿ ಅರ್ಜಿ ಹಾಕುವಂತೆಯೇ ಇರಲಿಲ್ಲ. ಇಬ್ಬರು ಮಕ್ಕಳಲ್ಲಿ ಒಬ್ಬ 1921ರಲ್ಲಿ ಬ್ರಿಟಿಷರ ಗುಂಡಿಗೆ, ಇನ್ನೊಬ್ಬ 1923ರಲ್ಲಿ ಸ್ವದೇಶದ ಸೇನೆಯ ಗುಂಡಿಗೆ ಬಲಿಯಾದ ಮನೆಯಲ್ಲಿ ಈ ಭೇದ ಹೇಗೆ ಸುಟ್ಟಿರಬೇಕು ಎಂದು ಯೋಚಿಸಿ ನೋಡಿ. "ಅಜ್ಜಿ ಇಷ್ಟು ತಡವಾಗಿ ಏಕೆ ಅರ್ಜಿ ಹಾಕಿದರು?" ಎಂದು ಮನೆಯವರು ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ. ಕಡತದ ಸಂಖ್ಯೆ 'ಡಿಪಿ' ಎಂದು ಶುರುವಾಗಿದ್ದರೆ ಅದು 1932ರ ಕಾಯ್ದೆಯಡಿ ಬಂದ ಅರ್ಜಿ.

ಹಾಳೆಗಳನ್ನು ತಾರೀಖಿನ ಕ್ರಮಕ್ಕೆ ಜೋಡಿಸಿಕೊಂಡ ಮೇಲೆ ಅರ್ಜಿ ನಮೂನೆ, ಗಾರ್ಡಾ ಪೊಲೀಸರ ವಿಚಾರಣಾ ವರದಿ, ಅಧಿಕಾರಿಗಳ ಷರಾ, ಕೊನೆಯ ತೀರ್ಮಾನ ಇಷ್ಟನ್ನು ಮೊದಲು ಓದುತ್ತೇನೆ. ಕಾಗದಪತ್ರಗಳು ಆಮೇಲೆ. ತಾಯಿಯ ಕಾಗದವನ್ನು ಮೊದಲೇ ಓದಿದರೆ ಕಣ್ಣು ತುಂಬಿ ಲೆಕ್ಕ ಕಾಣಿಸುವುದಿಲ್ಲ. ಈ ಕಡತಗಳಲ್ಲಿ ಕುಟುಂಬದ ಭವಿಷ್ಯ ನಿರ್ಧಾರವಾದದ್ದು ಲೆಕ್ಕದ ಮೇಲೆ.

ಮಗ ದೇಶಕ್ಕಾಗಿ ಸತ್ತ ಎಂದರೆ ಸಾಲುತ್ತಿರಲಿಲ್ಲ. ಅವನ ಸಂಪಾದನೆಯನ್ನು ನಂಬಿಕೊಂಡು ಬದುಕುತ್ತಿದ್ದೆವು ಎಂದು ತಂದೆತಾಯಿ ತೋರಿಸಬೇಕಿತ್ತು. ವಾರಕ್ಕೆ ಎಷ್ಟು ಷಿಲಿಂಗ್ ತರುತ್ತಿದ್ದ, ಮನೆಗೆ ಎಷ್ಟು ಕೊಡುತ್ತಿದ್ದ, ಜಮೀನೆಷ್ಟು, ಹಸುಗಳೆಷ್ಟು, ಉಳಿದ ಮಕ್ಕಳು ದುಡಿಯುತ್ತಾರೆಯೇ, ವೈಟ್ ಕ್ರಾಸ್ ಪರಿಹಾರ ನಿಧಿಯಿಂದ ಏನಾದರೂ ಬಂದಿತ್ತೇ? ಪಟ್ಟಣದ ಬಡಗಿಗೋ ರೈಲ್ವೆ ನೌಕರನಿಗೋ ಮಾಲೀಕನ ಪತ್ರವಿರುತ್ತಿತ್ತು, ಅದರಲ್ಲಿ ಕೂಲಿಯ ಮೊತ್ತ ಇರುತ್ತಿತ್ತು. ಅಪ್ಪನ ನಾಲ್ಕಾರು ಎಕರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿದ ಹಳ್ಳಿಯ ಹುಡುಗನಿಗೆ ಕೂಲಿ ಕೊಟ್ಟವರು ಯಾರು? ಅವನ ದುಡಿಮೆಗೆ ಚೀಟಿಯೇ ಇರಲಿಲ್ಲ. ಅಂಥ ಅರ್ಜಿಗಳ ಮೇಲೆ 'ಅವಲಂಬನೆ ಸಾಬೀತಾಗಿಲ್ಲ' ಎಂಬ ಅರ್ಥದ ಷರಾ ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಒಪ್ಪಿಗೆಯಾದರೂ ಎಷ್ಟೋ ಮನೆಗಳಿಗೆ ಸಿಕ್ಕಿದ್ದು ಒಂದೇ ಸಲದ ಇಡುಗಂಟು. ನಿಯತ ಭತ್ಯೆ ಪಡೆಯುತ್ತಿದ್ದ ವಿಧವೆ ಮರುಮದುವೆಯಾದರೆ ಅದು ನಿಲ್ಲುತ್ತಿತ್ತು.

ಅರ್ಜಿಯ ಮಾತನ್ನು 1911ರ ಜನಗಣತಿಯ ಜೊತೆ ಇಟ್ಟು ನೋಡುತ್ತೇನೆ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ಮನೆಗೆ ಕೋಣೆ ಎಷ್ಟು, ಮುಂಭಾಗಕ್ಕೆ ಕಿಟಕಿ ಎಷ್ಟು ಎಲ್ಲವೂ ಅಲ್ಲಿದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲೇ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ನ್ಯಾಯಾಲಯ ಆವರಣದ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟು ಶತಮಾನಗಳ ಕಾಗದಗಳು ಹೋದವು. 1901 ಮತ್ತು 1911ರ ಗಣತಿಗಳು ಉಳಿದಿವೆ, ಬೇರೆಡೆ ಇದ್ದ ಜನನ ಮರಣ ನೋಂದಣಿಯೂ ಉಳಿಯಿತು. ನನ್ನ ಕೆಲಸ ನಿಂತಿರುವುದೇ ಇವುಗಳ ಮೇಲೆ.

ಭಾರತದ ನೆಲದಲ್ಲಿ ಶುರುವಾದ ಅರ್ಜಿಗಳೂ ಇಲ್ಲಿವೆ. ಅವನ್ನು ಓದುವಾಗ ನನಗೆ ಬೇರೆಯೇ ಒಂದು ಹತ್ತಿರದ ಭಾವ. 1920ರ ಜೂನ್ ಕೊನೆಯಲ್ಲಿ ಜಲಂಧರ್‌ನಲ್ಲಿ, ಆಮೇಲೆ ಸೋಲನ್‌ನಲ್ಲಿ, ಬ್ರಿಟಿಷ್ ಸೇನೆಯ ಕನಾಟ್ ರೇಂಜರ್ಸ್ ದಳದ ಐರಿಷ್ ಸೈನಿಕರು ತಮ್ಮ ಊರುಗಳಲ್ಲಿ ನಡೆಯುತ್ತಿದ್ದ ದೌರ್ಜನ್ಯವನ್ನು ಪ್ರತಿಭಟಿಸಿ ಬಂಡೆದ್ದರು. ಸೋಲನ್‌ನಲ್ಲಿ ಇಬ್ಬರು ಗುಂಡೇಟಿಗೆ ಸತ್ತರು. ಅಲ್ಲಿನ ಬಂಡಾಯದ ಮುಂದಾಳು ಜೇಮ್ಸ್ ಡೇಲಿಯನ್ನು ನವೆಂಬರ್ 2ರಂದು ದಗ್‌ಶಾಯಿ ಜೈಲಿನಲ್ಲಿ ಗುಂಡಿಟ್ಟು ಕೊಂದರು. ಈ ಬಂಡಾಯಗಾರರಿಗೂ ಅವರ ದುಡಿಮೆಯನ್ನು ನಂಬಿ ಬದುಕಿದವರಿಗೂ ಐರ್ಲೆಂಡ್ 1936ರಲ್ಲಿ ಪ್ರತ್ಯೇಕ ಪಿಂಚಣಿ ಕಾಯ್ದೆಯನ್ನೇ ಮಾಡಿತು.

ಕೊನೆಗೆ ಬರೆದುಕೊಡುವಾಗ ಪೌಂಡ್ ಷಿಲಿಂಗ್‌ಗಳನ್ನು ಇಂದಿನ ಯೂರೋಗೆ ತಿರುಗಿಸುವುದಿಲ್ಲ. ಬಂದ ಹಣದ ಪಕ್ಕದಲ್ಲಿ ಮಗ ವಾರಕ್ಕೆ ತರುತ್ತಿದ್ದ ಕೂಲಿಯನ್ನು ಬರೆದು, ಅದು ಎಷ್ಟು ವಾರಗಳ ದುಡಿಮೆಗೆ ಸಮ ಎಂದು ತೋರಿಸುತ್ತೇನೆ. ಅರ್ಜಿ ತಿರಸ್ಕೃತವಾಗಿದ್ದರೆ ಅದನ್ನು ಮುಚ್ಚಿಡುವುದಿಲ್ಲ; ಯಾವ ಕಾಯ್ದೆಯ ಯಾವ ಷರತ್ತು ಅಡ್ಡ ಬಂತು ಎಂಬುದನ್ನೂ ಸೇರಿಸುತ್ತೇನೆ. ಅಜ್ಜಿ ಕೇಳಿದ್ದು ಸುಳ್ಳಾಗಿತ್ತೇನೋ ಎಂಬ ಅಳುಕು ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ, ಅದು ಹೋಗಬೇಕು.