ಉಪ್ಪಲ್ಲಿಟ್ಟ ಕೇಪರ್ಸ್: ಉಪ್ಪು ಬಿಡಿಸೋದು ಹೇಗೆ, ಅಡುಗೆಗೆ ಹಾಕೋದು ಯಾವಾಗ

ಕೇಪರ್ಸ್ ಅಂದ್ರೆ ಅಡುಗೆಗೆ ರುಚಿಗೆ ಹಾಕೋ ಒಂದು ಗಿಡದ ಹೂಮೊಗ್ಗು. ಎರಡು ಥರ ಸಿಗತ್ತೆ, ವಿನೆಗರ್ ನೀರಲ್ಲಿ ಮುಳುಗಿಸಿರೋದು ಒಂದು, ಒಣ ಉಪ್ಪಲ್ಲಿ ಹೂತಿಟ್ಟಿರೋದು ಇನ್ನೊಂದು. ಎರಡೂ ಇದ್ರೆ ಕಣ್ಣುಮುಚ್ಚಿ ಉಪ್ಪಿನದ್ದೇ ತಗೊಳ್ಳಿ. ವಿನೆಗರ್‌ದು ಬಾಟಲಿಯಿಂದ ಸೀದಾ ಹಾಕ್ಬೋದು, ಕೆಲಸ ಕಮ್ಮಿ, ಆದ್ರೆ ಬಾಯಿಗೆ ಮೊದಲು ಸಿಗೋದೇ ಹುಳಿ, ಕೇಪರ್ಸ್ ರುಚಿ ಹುಡುಕ್ಬೇಕು. ಉಪ್ಪಿನದ್ರಲ್ಲಿ ಮೊಗ್ಗಿನ ಸ್ವಂತ ಘಮ ಹಾಗೇ ಉಳಿದಿರತ್ತೆ, ಸ್ವಲ್ಪ ಹೂವಿನ ವಾಸನೆ, ಸ್ವಲ್ಪ ಸಾಸಿವೆ ಘಾಟು, ಕಚ್ಚಿದ್ರೆ ಗಟ್ಟಿಯಾಗೂ ಇರತ್ತೆ. ಉಪ್ಪು ಸರಿಯಾಗಿ ಬಿಡಿಸೋಕೆ ಗೊತ್ತಿರ್ಬೇಕು ಅಷ್ಟೇ, ಅದು ತಪ್ಪಿದ್ರೆ ಇಡೀ ಅಡುಗೆ ಬಾಯಿಗಿಡಕ್ಕಾಗಲ್ಲ.

ಇದು ಕಾಯಿ ಅಲ್ಲ, ಮೊಗ್ಗು. ಮೆಡಿಟರೇನಿಯನ್ ಕಡೆ ಕಲ್ಲು ಸಂದಿ, ಹಳೇ ಗೋಡೆ ಬಿರುಕಲ್ಲೆಲ್ಲ ಬೆಳೆಯೋ ಗಿಡ, ಮೊಗ್ಗು ಬಿರಿಯೋಕೆ ಮುಂಚೆನೇ ಒಂದೊಂದಾಗಿ ಕೈಯಲ್ಲಿ ಕೀಳ್ಬೇಕು, ಬಿಟ್ರೆ ನೇರಳೆ ಕೇಸರ ಇರೋ ಬಿಳಿ ಹೂವಾಗಿಬಿಡತ್ತೆ. ಹಸೀದು ಪೂರ್ತಿ ಕಹಿ. ಉಪ್ಪಲ್ಲಿ ಕೂತಾಗ ನೀರು ಬಿಟ್ಕೊಂಡು ಕಹಿ ಇಳಿಯತ್ತೆ, ಒಳಗಿರೋ ಗ್ಲೂಕೋಕ್ಯಾಪರಿನ್ ಅನ್ನೋ ವಸ್ತು ಒಡೆದು ಆ ಸಾಸಿವೆ ಥರದ ಘಾಟು ಬರತ್ತೆ. ಇಟಲಿಯ ಪಾಂಟೆಲ್ಲೇರಿಯಾ ದ್ವೀಪದ ಕೇಪರ್ಸ್‌ಗೆ ಯುರೋಪಿಯನ್ ಯೂನಿಯನ್ 1996ರಲ್ಲೇ ಊರಿನ ಹೆಸರಿನ ರಕ್ಷಣೆ ಕೊಟ್ಟಿದೆ, ಸಿಸಿಲಿ ಹತ್ರದ ಸಲೀನಾ ದ್ವೀಪದ್ದೂ ಅಷ್ಟೇ ಹೆಸರುವಾಸಿ. ಮೊಗ್ಗಿನ ಮೇಲೆ ಸಣ್ಣ ಬಿಳಿ ಚುಕ್ಕಿ ಕಂಡ್ರೆ ಬೂಷ್ಟು ಅಂದ್ಕೊಂಡು ಎಸೀಬೇಡಿ, ಅದು ರುಟಿನ್ ಅನ್ನೋ ವಸ್ತು ಹರಳುಗಟ್ಟಿರೋದು, ಏನೂ ತೊಂದ್ರೆ ಇಲ್ಲ. ಬೂಷ್ಟು ಅಂದ್ರೆ ಉಣ್ಣೆ ಥರ ಮೇಲೆ ಬೆಳೆದಿರತ್ತೆ, ವಾಸನೇನೂ ಕೆಟ್ಟಿರತ್ತೆ, ಅಂಥದ್ದು ಎಸೆದುಬಿಡಿ.

ಈಗ ಉಪ್ಪು ಬಿಡಿಸೋದು. ನಾಲ್ಕು ಜನಕ್ಕೆ ಎರಡು ಟೇಬಲ್ ಸ್ಪೂನ್ ಸಾಕು. ಜರಡಿಗೆ ಹಾಕಿ ಮೇಲಿನ ಉಪ್ಪು ಉದುರಿಸಿ, ನಲ್ಲಿ ಕೆಳಗೆ ಚೆನ್ನಾಗಿ ತೊಳೀರಿ, ಆಮೇಲೆ ದೊಡ್ಡ ಬಟ್ಟಲಲ್ಲಿ ಜಾಸ್ತಿ ತಣ್ಣೀರು ಹಾಕಿ ನೆನೆಸಿ. ತೊಳೆದ್ರೆ ಸಾಕು ಅಂತ ತುಂಬಾ ಜನ ಹೇಳ್ತಾರೆ, ನಾನು ಒಪ್ಪಲ್ಲ, ಯಾಕಂದ್ರೆ ಮೊಗ್ಗು ಅಂದ್ಮೇಲೆ ಒಳಗೆ ದಳ ಪದರ ಪದರವಾಗಿ ಮಡಚಿರತ್ತೆ, ಆ ಪದರಗಳ ಮಧ್ಯೆ ಇರೋ ಉಪ್ಪು ನಿಧಾನಕ್ಕೆ ಹೊರಗೆ ಬರ್ಬೇಕು. ಸಣ್ಣದಾದ್ರೆ 15ರಿಂದ 20 ನಿಮಿಷ, ದಪ್ಪಗಿದ್ರೆ ಅರ್ಧ ಗಂಟೆ ಮೇಲೇನೇ ಬೇಕಾಗ್ಬೋದು, ಮಧ್ಯದಲ್ಲಿ ಒಂದೆರಡು ಸಲ ನೀರು ಬದಲಾಯಿಸಿ. ಗಡಿಯಾರಕ್ಕಿಂತ ನಾಲಿಗೆ ನಂಬಿ, ಒಂದು ತೆಗೆದು ಪೂರ್ತಿ ಅಗಿದು ನೋಡಿ, ಮೇಲೆ ಬರೀ ನೆಕ್ಕಿದ್ರೆ ಗೊತ್ತಾಗಲ್ಲ. ಉಪ್ಪು ಮುಂದಿದ್ರೂ ಅದರ ಹಿಂದೆ ಘಮ ಬರ್ತಿದೆ ಅಂದ್ರೆ ಸಾಕು, ತೆಗೀರಿ. ಮುಖ ಕಿವುಚೋ ಹಾಗಿದ್ರೆ ಇನ್ನೊಂದು ನೀರು. ರಾತ್ರಿಯೆಲ್ಲ ನೆನೆಹಾಕೋದು ಮಾತ್ರ ಬೇಡ, ಉಪ್ಪಿನ ಜೊತೆ ರುಚಿನೂ ನೀರಿಗೆ ಹೋಗತ್ತೆ. ಕೊನೆಗೆ ಕೈಯಲ್ಲಿ ಮೆಲ್ಲಗೆ ಹಿಂಡಿ ಬಟ್ಟೆ ಮೇಲೆ ಹರಡಿ.

ಇದಕ್ಕಿಂತ ಮುಖ್ಯ ಇನ್ನೊಂದಿದೆ, ಕೇಪರ್ಸ್ ಹಾಕೋ ಅಡುಗೆಗೆ ಉಪ್ಪು ಯಾವಾಗ್ಲೂ ಕೊನೇಲಿ. ಕೇಪರ್ಸ್ ಬಿದ್ದು, ಕಲೆಸಿ, ರುಚಿ ನೋಡಿದ್ಮೇಲೆ ಬೇಕಾದ್ರೆ ಮಾತ್ರ. ಆಲಿವ್, ಆಂಚೊವಿ (ಉಪ್ಪಲ್ಲಿಟ್ಟ ಸಣ್ಣ ಮೀನು), ಚೀಸ್ ಇವೆಲ್ಲ ಜೊತೆಗಿದ್ರಂತೂ ಉಪ್ಪಿನ ಡಬ್ಬ ದೂರ ಇಡಿ, ಪಾಸ್ತಾ ಬೇಯಿಸೋ ನೀರಿಗೂ ಮಾಮೂಲಿಗಿಂತ ಕಮ್ಮಿ ಹಾಕಿ.

ಮೊದಲ ಸಲ ಮಾಡೋರು ಪಾಂಟೆಲ್ಲೇರಿಯಾದ ಆಲೂಗಡ್ಡೆ ಸಲಾಡಿಂದ ಶುರು ಮಾಡಿ, ಕೇಪರ್ಸ್ ಅಂದ್ರೆ ಏನು ಅಂತ ಅದ್ರಲ್ಲೇ ಗೊತ್ತಾಗೋದು. ಬೇಯಿಸಿದ ಆಲೂಗಡ್ಡೆ ಇನ್ನೂ ಬೆಚ್ಚಗಿರೋವಾಗ್ಲೇ ಹೋಳು ಮಾಡಿ ಆಲಿವ್ ಎಣ್ಣೆ, ಸ್ವಲ್ಪ ವಿನೆಗರ್ ಹಾಕಿ, ಬೆಚ್ಚಗಿದ್ರೆ ಚೆನ್ನಾಗಿ ಹೀರ್ಕೊಳತ್ತೆ, ಆಮೇಲೆ ಟೊಮೇಟೊ, ತೆಳ್ಳಗೆ ಹೆಚ್ಚಿದ ಕೆಂಪು ಈರುಳ್ಳಿ, ಆಲಿವ್, ಒಣ ಓರೆಗಾನೊ, ಮೇಲಿಂದ ಧಾರಾಳವಾಗಿ ಕೇಪರ್ಸ್. ಒಂದು ಹತ್ತು ನಿಮಿಷ ಬಿಟ್ಟು ತಿನ್ನಿ.

ಸಾಸ್‌ಗಾದ್ರೆ ಜಾಸ್ತಿ ಹೊತ್ತು ಕುದಿಸ್ಬೇಡಿ, ಘಮ ಆವಿಯಾಗಿ ಹೋಗಿ ಬರೀ ಉಪ್ಪು ಕಹಿ ಉಳಿಯತ್ತೆ. ಟೊಮೇಟೊ ಸಾಸ್ ಇಳಿಸೋಕೆ ಐದು ನಿಮಿಷ ಮುಂಚೆ ಹಾಕಿದ್ರೆ ಸರಿ. ಮೀನಿಗೆ ಅಂದ್ರೆ ಬೆಣ್ಣೆ ಬಾಣಲೆಗೆ ಹಾಕಿ ನೊರೆ ಇಳಿದು ಕಂದು ಬಣ್ಣ ಬಂದು ಹುರಿದ ಬೀಜದ ವಾಸನೆ ಬರೋ ತನಕ ಕಾಯಿರಿ, ಕೇಪರ್ಸ್ ಹಾಕಿ, ತಕ್ಷಣ ನಿಂಬೆರಸ ಹಿಂಡಿ ಮೀನಿನ ಮೇಲೆ ಸುರೀರಿ, ಅಷ್ಟೇ.

ನಂಗೆ ಎಲ್ಲಕ್ಕಿಂತ ಇಷ್ಟ ಎಣ್ಣೇಲಿ ಗರಿಗರಿ ಕರಿದಿದ್ದು. ಇದಕ್ಕೆ ದಪ್ಪ ಮೊಗ್ಗೇ ಚಂದ, ಕಾದ ಎಣ್ಣೆಗೆ ಬಿದ್ದ ತಕ್ಷಣ ದಳ ಬಿಚ್ಕೊಂಡು ಪುಟ್ಟ ಹೂವಾಗತ್ತೆ. ಆದ್ರೆ ನೀರಿನ ಪಸೆ ಒಂಚೂರೂ ಇರ್ಬಾರ್ದು, ಇದ್ರೆ ಎಣ್ಣೆ ಸಿಡಿದು ಕೈ ಸುಡತ್ತೆ, ಹಾಗಾಗಿ ಬಟ್ಟೇಲಿ ಒತ್ತಿ ಒರೆಸಿ ಇನ್ನೂ ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಒಂದೆರಡು ನಿಮಿಷದಲ್ಲಿ ಸದ್ದು ಕಮ್ಮಿಯಾದಾಗ ತೆಗೆದು ಪೇಪರ್ ಮೇಲೆ ಹಾಕಿ. ಮೊಟ್ಟೆ, ಪಾಸ್ತಾ, ಹುರಿದ ಹೂಕೋಸು ಯಾವುದ್ರ ಮೇಲೆ ಬೇಕಾದ್ರೂ ಉದುರಿಸಿ, ಅವತ್ತೇ ಮುಗಿಸಿ, ಇಟ್ರೆ ಮೆತ್ತಗಾಗತ್ತೆ.

ಬಾಟಲಿಗೆ ಒದ್ದೆ ಚಮಚ ಹಾಕ್ಬೇಡಿ, ಗಟ್ಟಿ ಮುಚ್ಚಳ, ಬೆಳಕು ಬೀಳದ ತಂಪು ಜಾಗ, ಫ್ರಿಜ್ ಆದ್ರೆ ಇನ್ನೂ ಒಳ್ಳೇದು. ಉಪ್ಪು ನೀರಾಡಿದ್ರೆ ಮೇಲೆ ಒಂದಿಷ್ಟು ಕಲ್ಲುಪ್ಪು ಹಾಕಿ. ನೆನೆಸಿ ಮಿಕ್ಕಿದ್ದನ್ನ ಆಲಿವ್ ಎಣ್ಣೇಲಿ ಮುಳುಗಿಸಿ ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಖರ್ಚು ಮಾಡಿ. ಮತ್ತೆ ಬಾಟಲಿ ತಳದಲ್ಲಿ ಉಳಿಯೋ ಉಪ್ಪು ಎಸೀಬೇಡಿ, ಕೇಪರ್ಸ್ ಘಮ ಪೂರ್ತಿ ಹಿಡಿದಿರತ್ತೆ, ಒಂದು ಚಿಟಿಕೆ ಹೆಚ್ಚಿದ ಟೊಮೇಟೊ ಮೇಲೆ ಹಾಕಿ ನೋಡಿ.