ಬಿಯರ್ಡೆಡ್ ಡ್ರ್ಯಾಗನ್‌ಗೆ ಬಿಸಿ, ಬೆಳಕು: ನಮ್ಮ ಮನ್ಯಾಗ ಹೆಂಗ ಹೊಂದಿಸೋದು

"ಹುಬ್ಬಳ್ಳಿ ಬಿಸಲಿಗೆ ಮನಷ್ಯಾರ ಬೇಯಾಕತ್ತಾರ, ಇನ್ನ ಈ ಓತಿಕ್ಯಾತಕ್ಕ ಬಲ್ಬ್ ಯಾಕ ಬೇಕ್ರಿ?" ಬಿಯರ್ಡೆಡ್ ಡ್ರ್ಯಾಗನ್ ಸಾಕಿದವ್ರ ಮನಿಗೆ ಬಂದವ್ರು ಇದನ್ನ ಕೇಳೇ ಕೇಳ್ತಾರ. ಇದು ಆಸ್ಟ್ರೇಲಿಯಾದ ಒಳನಾಡಿನ ಒಣ ನೆಲದ ಪ್ರಾಣಿ, ತನ್ನ ಮೈ ತಾನ ಬಿಸಿ ಮಾಡ್ಕೊಳಾಕ ಬರೂದಿಲ್ಲ, ಕಾದ ಕಲ್ಲಿನ ಮ್ಯಾಲ ಕುಂದರತೈತಿ, ಸಾಕಾದ್ರ ನೆರಳಿಗೆ ಹೊಕ್ಕೈತಿ. ರೂಮೆಲ್ಲ ಒಂದ ಸಮ 35 ಡಿಗ್ರಿ ಇದ್ರ ಮೈ ಕಾಯಿಸ್ಕೊಳಾಕ ಕಾದ ಜಾಗಾ ಇರೂದಿಲ್ಲ, ತಂಪಿಗೆ ಹೋಗೂಣು ಅಂದ್ರ ಜಾಗಾನೂ ಇರೂದಿಲ್ಲ. ಒಂದು ತುದಿ ಕಾದಿರಬೇಕು, ಇನ್ನೊಂದು ತುದಿ ತಂಪಿರಬೇಕು.

ಅದಕ್ಕ ಮೊದಲ ಜಾಗಾ ನೋಡ್ರಿ. ದೊಡ್ಡದಕ್ಕ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ ಬೇಕು. ಮೀನಿನ ಸಣ್ಣ ಟ್ಯಾಂಕ್‌ನ್ಯಾಗ ಬಲ್ಬ್ ಹಚ್ಚಿದ್ರ ಪೂರಾ ಟ್ಯಾಂಕ ಕಾಯತೈತಿ. ಬಡಿಗ್ಯಾರ ಕಡೆ ಪ್ಲೈವುಡ್ ಪೆಟ್ಟಿಗಿ ಮಾಡಿಸಿ ಮುಂದ ಗಾಜು, ಮ್ಯಾಲ ಸ್ಟೀಲ್ ಜಾಳಿಗಿ ಕೂಡಿಸಿದ್ರ ಆತು.

ಆಮ್ಯಾಲ ಬಿಸಿ. ಒಂದು ತುದಿಗೆ ಮನಿ ಕಟ್ಟುವಾಗ ಉಳಿದ ಶಹಾಬಾದ್ ಫರಸಿ ತುಂಡು ಇಟ್ಟು ಅದರ ನೆತ್ತಿ ಮ್ಯಾಲ, ಜಾಳಿಗಿ ಹೊರಗ, ಬಿಳಿ ಬೆಳಕಿನ ಹ್ಯಾಲೊಜೆನ್ ಫ್ಲಡ್ ಬಲ್ಬ್ ಹಾಕ್ರಿ. ಹೋಲ್ಡರ್ ಪಿಂಗಾಣಿದ ಇರಲಿ, ಪ್ಲಾಸ್ಟಿಕ್ ಇದ್ರ ಕರಗತೈತಿ. 50 ವ್ಯಾಟೋ 100 ವ್ಯಾಟೋ ಅಂತ ಅಂಗಡ್ಯಾಗ ವಾದ ಮಾಡಬ್ಯಾಡ್ರಿ, ಫರಸಿ ಮ್ಯಾಲ 38ರಿಂದ 42 ಡಿಗ್ರಿ ಬರಬೇಕು, ತಂಪಿನ ತುದ್ಯಾಗ 24ರಿಂದ 28, ಅದಕ್ಕ ಯಾವ ಬಲ್ಬ್ ಸರಿ ಹೊಂದತೈತಿ ಅದ ಸರಿ. ಗಾಜಿಗೆ ಅಂಟಿಸೋ ಗುಂಡನ ಥರ್ಮಾಮೀಟರ್ ಗಾಜಿನ ಬಿಸಿ ಹೇಳತೈತಿ ಅಷ್ಟ, ಕಲ್ಲಿನ ಬಿಸಿ ನೋಡಾಕ ಟೆಂಪರೇಚರ್ ಗನ್ ಬೇಕು. ಬಲ್ಬ್‌ನ್ನ ಡಿಮ್ಮಿಂಗ್ ಥರ್ಮೋಸ್ಟಾಟ್‌ಗೆ ಕೊಡ್ರಿ, ಅದು ಬಿಸಿ ನೋಡಿ ಬಲ್ಬ್‌ನ್ನ ತಾನ ಹೆಚ್ಚು-ಕಮ್ಮಿ ಮಾಡತೈತಿ. ಕೆಂಪು ಬಲ್ಬು, ಕರೆಂಟಿಂದ ಕಾಯೋ ಹೀಟ್ ರಾಕ್ ಎರಡೂ ಬ್ಯಾಡ, ಹೀಟ್ ರಾಕ್ ಮ್ಯಾಲ ಕುಂತು ಹೊಟ್ಟಿ ಸುಟ್ಕೊಂಡ ಪ್ರಾಣಿ ಭಾಳ ಅದಾವು.

ಜನ ರೊಕ್ಕಾ ಉಳಿಸಾಕ ಹೋಗೋದು ಯುವಿಬಿ ಟ್ಯೂಬ್‌ನ್ಯಾಗ. ಯುವಿಬಿ ಅಂದ್ರ ಬಿಸಲಿನ್ಯಾಗ ಇರೋ, ಕಣ್ಣಿಗೆ ಕಾಣದ ಒಂದು ಕಿರಣ. ಈ ಕಿರಣ ಬೀಳಲಿಲ್ಲಂದ್ರ ಮೈಯಾಗ ವಿಟಮಿನ್ ಡಿ3 ತಯಾರಾಗೂದಿಲ್ಲ, ಡಿ3 ಇಲ್ಲಂದ್ರ ನೀವು ಎಷ್ಟ ಕ್ಯಾಲ್ಸಿಯಂ ಪುಡಿ ಉದುರಿಸಿದ್ರೂ ಮೈಗೆ ಹತ್ತೂದಿಲ್ಲ, ದವಡಿ ರಬ್ಬರ್‌ನಂಗ ಮೆತ್ತಗಾಗಿ ಕಾಲು ಸೊಟ್ಟ ಆಕ್ಕಾವು. ಕಿಟಕಿ ಹಂತೇಕ ಇಟ್ಟೀನಿ ಅಂದ್ರ ನಡಿಯೂದಿಲ್ಲ, ಗಾಜು ಯುವಿಬಿನ್ನ ತಡೀತೈತಿ. ಯುವಿ ಅಂತ ಹೇಳಿ ನೀಲಿ ಎಲ್‌ಇಡಿ ಕೊಟ್ಟ ಕಳಸೋ ಅಂಗಡಿನೂ ಅದಾವು, ಡಬ್ಬಿ ಮ್ಯಾಲ ಓದ್ರಿ: ಟಿ5 ಎಚ್‌ಒ (ಜೋರು ಬೆಳಕಿನ ಸಣಕಲ ಟ್ಯೂಬ್), ಯುವಿಬಿ 10 ಇಲ್ಲಾ 12 ಪರ್ಸೆಂಟ್, ಉದ್ದ ಟ್ಯೂಬ್. ಸುರುಳಿ ಬಲ್ಬ್ ಸಣ್ಣ ಜಾಗಕ್ಕ ಅಷ್ಟ ಬೆಳಕು ಕೊಡತೈತಿ, ಬ್ಯಾಡ. ಪೆಟ್ಟಿಗಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉದ್ದದ ಟ್ಯೂಬ್‌ನ್ನ ಬಿಸಿ ತುದಿ ಕಡೆ, ಜಾಳಿಗಿ ಒಳಗ, ಫರಸಿ ಮ್ಯಾಲ ಕುಂತಾಗ ಅದರ ಬೆನ್ನಿಗೆ 12-15 ಇಂಚ್ ದೂರ ಬರೋಹಂಗ ಹಾಕ್ರಿ. ಜಾಳಿಗಿ ಹೊರಗ ಇಟ್ರ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಯುವಿಬಿ ಅಲ್ಲೇ ಹೊಕ್ಕೈತಿ, ಇನ್ನಷ್ಟು ಹತ್ರ ತರಬೇಕಾಕ್ಕೈತಿ.

ಬಲ್ಬ್, ಟ್ಯೂಬ್ ಎರಡನ್ನೂ ಟೈಮರ್‌ಗೆ ಹಾಕಿ ಮುಂಜಾನೆ 7ರಿಂದ ಸಂಜಿ 7 ಮಾಡ್ರಿ, ಎರಡು ದಿನ ಖಾಲಿ ಓಡಿಸಿ ಬಿಸಿ ನೋಡಿ ಆಮ್ಯಾಲ ಪ್ರಾಣಿ ತರ್ರಿ. ರಾತ್ರಿ ಪೂರಾ ಕತ್ತಲಿ ಇರಲಿ, ಅದರ ನೆತ್ತಿ ಮ್ಯಾಲೂ ಬೆಳಕು ಗುರ್ತಿಸೋ ಒಂದು ಸಣ್ಣ ಕಣ್ಣೈತಿ. ಡಿಸೆಂಬರ್-ಜನವರಿ ಧಾರವಾಡ ಥಂಡ್ಯಾಗ ಪೆಟ್ಟಿಗಿ ಒಳಗ 18ರ ಕೆಳಗ ಇಳದ್ರ ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕ್ರಿ, ಥರ್ಮೋಸ್ಟಾಟ್ ಸಮೇತ.

ಏಪ್ರಿಲ್-ಮೇ ಕಥಿನ ಬ್ಯಾರೆ. ಫರಸಿ ಮ್ಯಾಲ ಬಾಯಿ ತಕ್ಕೊಂಡು ಕುಂತ್ರ ಹೆದರಬ್ಯಾಡ್ರಿ, ಅದು ಸಹಜ. ತಂಪಿನ ತುದಿಗೆ ಹೋಗಿನೂ ಬಾಯಿ ತಕ್ಕೊಂಡ್ರ ಬಿಸಿ ಅತಿ ಆಗೇತಿ. ಮಧ್ಯಾಹ್ನ ತಂಪಿನ ತುದಿ 32 ದಾಟಿದ್ರ ಹ್ಯಾಲೊಜೆನ್ ಆರಿಸ್ರಿ, ಟ್ಯೂಬ್ ಹಂಗ ಇರಲಿ. ಕರೆಂಟ್ ಒಂದೆರಡು ತಾಸು ಹೋದ್ರ ಏನೂ ಆಗೂದಿಲ್ಲ, ಆದ್ರ ಮೈ ತಣ್ಣಗಿದ್ದಾಗ ಹುಳ ಹಾಕಬ್ಯಾಡ್ರಿ, ಅರಗೂದಿಲ್ಲ. ಟ್ಯೂಬ್ ಹಾಕಿದ ತಾರೀಖು ಮಾರ್ಕರ್‌ಲೆ ಅದರ ಪಟ್ಟಿ ಮ್ಯಾಲ ಬರದಿಡ್ರಿ, 12 ತಿಂಗಳಾದ್ಮ್ಯಾಲ ಬೆಳಕು ಚಲೋನ ಕಾಣತಿರತೈತಿ, ಆದ್ರ ಯುವಿಬಿ ಕಮ್ಮಿ ಆಗಿರತೈತಿ, ಹೊಸಾದು ಹಾಕ್ರಿ.